ಯಜಮಾನರು ಮಾರ್ಚ್‌ಗೆ ನಿವೃತ್ತಿ: ಪಿಎಫ್ ದುಡ್ಡು ಎಲ್ಲಿ ಇಡೋದು, ಬಿಪಿ ಶುಗರ್ ಹೇಗೆ ನಿಭಾಯಿಸೋದು? (ಹಾಸನ)

ಟೈಲರಮ್ಮ_ಹಾಸನ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರಿಗೆ ಮಾರ್ಚ್‌ಗೆ 58 ತುಂಬುತ್ತದೆ. ಇಲ್ಲೇ ಒಂದು ಕಾರ್ಖಾನೆಯಲ್ಲಿ ಕೆಲಸ. ಪಿಎಫ್, ಗ್ರಾಚ್ಯುಟಿ ಎಲ್ಲ ಸೇರಿ ಸುಮಾರು 31 ಲಕ್ಷ ಬರಬಹುದು ಅಂತ ಆಫೀಸಿನಲ್ಲಿ ಹೇಳಿದ್ದಾರೆ. ಪಿಂಚಣಿ ಅಂತ ಬರುವುದು ತಿಂಗಳಿಗೆ ನಾಲ್ಕು ಸಾವಿರ ಚಿಲ್ಲರೆ. ನನಗೆ 54, ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮನೆ ಸ್ವಂತದ್ದು, ಸಾಲ ಇಲ್ಲ.

ದುಡ್ಡು ಕೈಗೆ ಬರುವ ಮೊದಲೇ ಆಳಿಗೊಂದು ಮಾತು ಶುರುವಾಗಿದೆ. ಭಾವನವರು "ನಮ್ಮ ಸೊಸೈಟಿಯಲ್ಲಿ ಇಡಿ, 11 ಪರ್ಸೆಂಟ್ ಕೊಡ್ತಾರೆ" ಅಂತಾರೆ. ಮೈದುನ ಬೈಪಾಸ್ ಹತ್ತಿರ ಸೈಟ್ ನೋಡಿಕೊಂಡು ಬಂದಿದ್ದಾನೆ. ಮಗ ಬೆಂಗಳೂರಿನಲ್ಲಿ ಫ್ಲ್ಯಾಟ್ ಹುಡುಕುತ್ತಿದ್ದಾನೆ. ಅವನು ಬಾಯಿಬಿಟ್ಟು ಕೇಳಿಲ್ಲ, ಆದರೆ ಅವರಪ್ಪನಿಗೆ ಕೊಡುವ ಮನಸ್ಸಿದೆ.

ಇನ್ನೊಂದು ವಿಷಯ. ಇವರಿಗೆ ಬಿಪಿ, ಶುಗರ್ ಎರಡೂ ಇದೆ. ನನಗೆ ಮಂಡಿ ನೋವು. ಫ್ಯಾಕ್ಟರಿಯ ಇನ್ಶೂರೆನ್ಸ್ ಕೆಲಸದ ಜೊತೆಗೇ ಮುಗಿಯುತ್ತದೆ. ಮುಂದೆ ಹೇಗೆ? ಗೊತ್ತಿರುವವರು ದಯವಿಟ್ಟು ಹೇಳಿ.

ಅಂಚೆ_ಕೌಂಟರ್

ಮೇಡಂ, ನಾನು ಅಂಚೆ ಇಲಾಖೆಯಲ್ಲಿ ಉಳಿತಾಯ ಖಾತೆಗಳ ಕೌಂಟರ್‌ನಲ್ಲಿ ಕೂತು ನಿವೃತ್ತನಾದವನು. ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 60 ಆಗಿರಲೇಬೇಕು ಅಂತ ಎಲ್ಲರೂ ತಿಳಿದಿದ್ದಾರೆ. ಹಾಗಲ್ಲ. ನಿವೃತ್ತಿ ಆದವರು 55 ದಾಟಿದ್ದರೆ ಸಾಕು. ಷರತ್ತು ಒಂದೇ, ನಿವೃತ್ತಿ ಹಣ ಕೈಗೆ ಬಂದ ಮೂರು ತಿಂಗಳ ಒಳಗೆ ಇಡಬೇಕು. ಮೊದಲು ಒಂದೇ ತಿಂಗಳಿತ್ತು, 2023ರ ನವೆಂಬರ್‌ನಲ್ಲಿ ಮೂರು ಮಾಡಿದರು. ಬಂದ ನಿವೃತ್ತಿ ಹಣಕ್ಕಿಂತ ಜಾಸ್ತಿ ಇಡುವ ಹಾಗಿಲ್ಲ. ಮೂರು ತಿಂಗಳು ತಪ್ಪಿಸಿಕೊಂಡರೆ 60 ಆಗುವವರೆಗೆ ಕಾಯಬೇಕು.

ಬಡ್ಡಿ ಈಗ 8.2. ಖಾತೆ ತೆರೆದ ದಿನ ಯಾವ ದರವೋ ಐದು ವರ್ಷ ಅದೇ. ಒಬ್ಬರಿಗೆ ಗರಿಷ್ಠ 30 ಲಕ್ಷ. 20 ಲಕ್ಷ ಇಟ್ಟರೆ ಮೂರು ತಿಂಗಳಿಗೊಮ್ಮೆ 41,000 ಬರುತ್ತದೆ. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ಒಂದನೇ ತಾರೀಕು.

ಖಾತೆ ತೆರೆಯುವಾಗಲೇ ಬಡ್ಡಿ ಉಳಿತಾಯ ಖಾತೆಗೆ ತಾನಾಗಿ ಹೋಗುವ ಹಾಗೆ ಬರೆದುಕೊಡಿ. ಎಷ್ಟೋ ಜನ ವರ್ಷಕ್ಕೊಮ್ಮೆ ಬಂದು ಪಾಸ್‌ಬುಕ್ ಕೊಡುತ್ತಿದ್ದರು. ತೆಗೆಯದೆ ಬಿಟ್ಟ ಬಡ್ಡಿಗೆ ಮತ್ತೆ ಬಡ್ಡಿ ಇಲ್ಲ, ಅದು ಸುಮ್ನೆ ಕೂತಿರುತ್ತದೆ. ಕಂಪನಿಯಿಂದ ಒಂದು ಪತ್ರ ಬೇಕು: ಯಾವತ್ತು ನಿವೃತ್ತಿ, ಯಾಕೆ ನಿವೃತ್ತಿ, ಎಷ್ಟು ಹಣ ಕೊಟ್ಟರು, ಎಷ್ಟು ವರ್ಷ ಸೇವೆ. ಇದನ್ನು ಕೆಲಸ ಬಿಡುವ ದಿನವೇ ಇಸ್ಕೊಳ್ಳಿ. ಆಮೇಲೆ ಅಲೆಸುತ್ತಾರೆ.

ಮಲೆನಾಡು_ಮನೆ

ಸೊಸೈಟಿ ಕಡೆ ಹೋಗಬೇಡಿ ಅಕ್ಕ. ಇಷ್ಟೇ ನನ್ನ ಮಾತು.

ಹಾಲು_ಸಂಘ

ಅದೇನು ಸೊಸೈಟಿ ಅಂದ ತಕ್ಷಣ ಎಲ್ಲರೂ ಹೆದರೋದು? ನಮ್ಮೂರಿನ ಸಂಘದಲ್ಲಿ ನಮ್ಮಪ್ಪನ ಕಾಲದಿಂದ ವ್ಯವಹಾರ ಇದೆ. ಬೆಳೆ ಸಾಲ ಕೊಟ್ಟವರು ಅವರೇ, ತಂಗಿ ಮದುವೆಗೆ ದುಡ್ಡು ಕೊಟ್ಟವರೂ ಅವರೇ. ಬ್ಯಾಂಕಿನವರು ನಮ್ಮನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಎಲ್ಲ ಸಂಘವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮಲೆನಾಡು_ಮನೆ

ಅಣ್ಣ, ಸಂಘದವರು ಕೆಟ್ಟವರು ಅಂತ ನಾನು ಹೇಳಲಿಲ್ಲ. ಮುಳುಗಿದರೆ ಯಾರು ಕೊಡ್ತಾರೆ ಅನ್ನೋದು ಪ್ರಶ್ನೆ. ಬ್ಯಾಂಕ್ ಮುಳುಗಿದರೆ ಠೇವಣಿ ವಿಮೆ ಇದೆ. ಒಂದು ಬ್ಯಾಂಕಿಗೆ, ಒಬ್ಬರಿಗೆ, ಅಸಲು ಬಡ್ಡಿ ಸೇರಿ 5 ಲಕ್ಷ. 2020ರ ಫೆಬ್ರವರಿಗಿಂತ ಮುಂಚೆ ಒಂದೇ ಲಕ್ಷ ಇತ್ತು. ಸಹಕಾರಿ ಬ್ಯಾಂಕಿಗೂ ಈ ವಿಮೆ ಉಂಟು. ಆದರೆ ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿ ಇವಕ್ಕೆ ಇಲ್ಲ. ಬೋರ್ಡ್ ನೋಡಿದರೆ ಎರಡೂ ಒಂದೇ ಥರ ಕಾಣುತ್ತೆ, ಒಳಗೆ ಕೌಂಟರ್, ಟೋಕನ್ ಎಲ್ಲ ಒಂದೇ ಥರ.

ನಮ್ಮ ಮಾವನವರು ಕಾಫಿ ಎಸ್ಟೇಟ್‌ನಲ್ಲಿ ರೈಟರ್ ಆಗಿದ್ದರು. ಬಂದ ಗ್ರಾಚ್ಯುಟಿ ಪೂರ್ತಿ ಒಂದು ಸಹಕಾರಿಯಲ್ಲಿ ಇಟ್ಟರು. ಮೊದಲು ಬಡ್ಡಿ ಸರಿಯಾಗಿ ಬಂತು. ಆಮೇಲೆ "ಮುಂದಿನ ವಾರ ಬನ್ನಿ" ಶುರುವಾಯಿತು. ಅತ್ತೆಗೆ ಆಪರೇಷನ್ ಅಂದರೂ ಕೊಡಲಿಲ್ಲ. ಠೇವಣಿ ಬಾಂಡ್‌ಗಳನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿಕೊಂಡು ಮಾವ ಪ್ರತಿ ವಾರ ಬಸ್ ಹತ್ತುತ್ತಿದ್ದರು. ಕೇಸ್ ಇನ್ನೂ ನಡೀತಾ ಇದೆ.

ಹಾಲು_ಸಂಘ

ಕೇಳಿ ಬೇಜಾರಾಯಿತು. ಸರಿ, ನಿವೃತ್ತಿ ಹಣ ಪೂರ್ತಿ ಸಂಘದಲ್ಲಿ ಇಡೋದು ಬೇಡ, ಒಪ್ಪಿದೆ. ಆದರೆ ಸದಸ್ಯತ್ವ ಬಿಡಬೇಡಿ. ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಕಾರ್ಡ್ ಮಾಡಿಸಬಹುದು, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ನೋಂದಣಿ ವರ್ಷಪೂರ್ತಿ ಇರುವುದಿಲ್ಲ, ಕೊನೆ ದಿನ ಕೇಳಿಕೊಂಡು ಮಾಡಿಸಿ.

ಕೋಟೆ_ಬೀದಿ

ಸೈಟ್ ತಗೊಳ್ಳಿ ಮೇಡಂ. ಭೂಮಿ ಯಾವತ್ತೂ ಮೋಸ ಮಾಡಲ್ಲ. ಹಾಸನ ಬೆಳೀತಾ ಇದೆ.

ನೋಂದಣಿ_ಪತ್ರ

ಭೂಮಿ ಮೋಸ ಮಾಡಲ್ಲ ಸಾರ್, ಮಾರುವವರು ಮಾಡ್ತಾರೆ. ನಾನು ಪತ್ರ ಬರೆಯುವ ಕೆಲಸ ಮಾಡುವವನು. ಬೈಪಾಸ್ ಪಕ್ಕ ಅಂತ ತೋರಿಸುವ ಸೈಟ್‌ಗಳಲ್ಲಿ ರೆವಿನ್ಯೂ ಸೈಟ್, ಅಂದರೆ ಪರಿವರ್ತನೆ ಆಗದ ಕೃಷಿ ಜಮೀನಿನಲ್ಲಿ ಮಾಡಿದ್ದು, ಬಹಳ. ಭೂ ಪರಿವರ್ತನೆ ಆಗಿದೆಯಾ, ಲೇಔಟ್ ಮಂಜೂರಾತಿ ಇದೆಯಾ, ಇ-ಖಾತೆ ಬಂದಿದೆಯಾ, ಋಣಭಾರ ಪತ್ರದಲ್ಲಿ ಹಳೇ ಸಾಲ ಇದೆಯಾ, ನಾಲ್ಕೂ ನೋಡದೆ ಅಡ್ವಾನ್ಸ್ ಕೊಡಬೇಡಿ.

ಎಲ್ಲ ಸರಿ ಇದ್ದರೂ 58ಕ್ಕೆ ಸೈಟ್ ಯಾಕೆ? ಆಸ್ಪತ್ರೆಗೆ ಸೇರಿದ ದಿನ ಸೈಟಿನ ಮೂಲೆ ಕಿತ್ತು ಮಾರಲು ಆಗುತ್ತದೆಯೇ? ಅರ್ಜೆಂಟ್‌ಗೆ ಮಾರಿದರೆ ಕೊಳ್ಳುವವನು ಹೇಳಿದ್ದೇ ರೇಟು. ಸ್ವಂತ ಮನೆ ಇದೆ ಅಂತಾರೆ, ಅಷ್ಟು ಭೂಮಿ ಸಾಕು.

ಕೋಟೆ_ಬೀದಿ

ಹಾಗಾದರೆ ಚಿನ್ನ?

ನೋಂದಣಿ_ಪತ್ರ

ಇರುವ ಒಡವೆ ಇರಲಿ. ಹೊಸದಾಗಿ ಬಳೆ ಮಾಡಿಸಿ ಉಳಿತಾಯ ಅನ್ನಬೇಡಿ. ಮಜೂರಿ, ವೇಸ್ಟೇಜ್ ಅಂಗಡಿಯಲ್ಲೇ ಹೋಗುತ್ತೆ.

ಲೆಕ್ಕದ_ಮೇಷ್ಟ್ರು

ಅಂಚೆಯ ಸಾರ್ ಹೇಳಿದ್ದು ಸರಿ, ಆದರೆ ಒಂದು ಕಡೆ ನನಗೆ ತಕರಾರಿದೆ. ಎಲ್ಲವನ್ನೂ ಬಡ್ಡಿಗೆ ಇಟ್ಟರೆ ಇವತ್ತು ಚೆನ್ನಾಗಿ ಕಾಣುತ್ತದೆ. ಬೆಲೆ ವರ್ಷಕ್ಕೆ 6 ಪರ್ಸೆಂಟ್ ಏರಿದರೆ 12 ವರ್ಷಕ್ಕೆ ಖರ್ಚು ಎರಡರಷ್ಟು. ಇವತ್ತು 20,000ದಲ್ಲಿ ನಡೆಯುವ ಮನೆ 70ನೇ ವಯಸ್ಸಿಗೆ 40,000 ಕೇಳುತ್ತದೆ. ಬಡ್ಡಿ ಮಾತ್ರ ಅಲ್ಲೇ ನಿಂತಿರುತ್ತದೆ. ಮೇಡಂಗೆ ಈಗ 54, ಅವರು 85ರವರೆಗೆ ಬಾಳಿದರೆ ಇನ್ನೂ 31 ವರ್ಷ ಈ ದುಡ್ಡು ನಡೆಸಬೇಕು. ಗಂಡ ಹೋದ ಮೇಲೆ ಪಿಂಚಣಿ ಅರ್ಧ ಆಗುತ್ತದೆ ಅನ್ನೋದನ್ನೂ ಮರೆಯಬೇಡಿ.

ನಾನಾದರೆ 20 ಲಕ್ಷ ಹಿರಿಯ ನಾಗರಿಕರ ಯೋಜನೆಗೆ. 4 ಲಕ್ಷ ಬ್ಯಾಂಕ್ ಎಫ್‌ಡಿ, ಯಾವಾಗ ಬೇಕಾದರೂ ಮುರಿಯುವಂಥದ್ದು, ಆಸ್ಪತ್ರೆಗೆ ಅಂತಲೇ. 5 ಲಕ್ಷ ಮ್ಯೂಚುವಲ್ ಫಂಡ್, ಇಂಡೆಕ್ಸ್ ಥರದ್ದು, ಅಂದರೆ ಷೇರು ಸೂಚ್ಯಂಕದ ಜೊತೆಗೇ ಏರಿ ಇಳಿಯುವಂಥದ್ದು, ಹತ್ತು ವರ್ಷ ಮುಟ್ಟಬಾರದು. ಉಳಿದಿದ್ದು ಕೈಯಲ್ಲಿ.

ಅಂಚೆ_ಕೌಂಟರ್

ಮೇಷ್ಟ್ರೇ, ಲೆಕ್ಕ ಒಪ್ಪುತ್ತೇನೆ, ಮಾರುಕಟ್ಟೆ ಒಪ್ಪಲ್ಲ. 2020ರ ಮಾರ್ಚ್‌ನಲ್ಲಿ ಷೇರು ಬಿದ್ದಾಗ ನಿದ್ದೆ ಬಿಟ್ಟವರನ್ನು ನೋಡಿದ್ದೇನೆ. ಅವರೆಲ್ಲ ಅವತ್ತೇ ಹೆದರಿ ಮಾರಿದವರು.

ಲೆಕ್ಕದ_ಮೇಷ್ಟ್ರು

ಮಾರದೆ ಕೂತವರಿಗೆ ಆ ವರ್ಷದ ಕೊನೆಗೇ ದುಡ್ಡು ವಾಪಸ್ ಬಂತು ಸಾರ್. ಅದಕ್ಕೇ ಹತ್ತು ವರ್ಷ ಮುಟ್ಟದ ದುಡ್ಡು ಮಾತ್ರ ಅಂದಿದ್ದು. ಮನೆಯಲ್ಲಿ ಇಬ್ಬರಿಗೂ ಆ ಧೈರ್ಯ ಇಲ್ಲ ಅಂದರೆ ಬೇಡವೇ ಬೇಡ. ಬೇರೆಯವರ ಒತ್ತಾಯಕ್ಕೆ ಹಾಕಬಾರದು. ಮತ್ತೆ ಬ್ಯಾಂಕಿಗೆ ಹೋದಾಗ "ಎಫ್‌ಡಿ ಥರಾನೇ, ಇನ್ನೂ ಚೆನ್ನಾಗಿದೆ" ಅಂತ ಇನ್ಶೂರೆನ್ಸ್ ಪಾಲಿಸಿ ಮುಂದಿಡ್ತಾರೆ. ವರ್ಷ ವರ್ಷ ಕಂತು ಕಟ್ಟುವ ಯಾವುದಕ್ಕೂ ನಿವೃತ್ತಿ ಆದವರು ಸಹಿ ಹಾಕಬಾರದು.

ಕಡೂರು_ಹುಡುಗಿ

ನನ್ನ ವಯಸ್ಸು 29, ಖಾಸಗಿ ಶಾಲೆಯಲ್ಲಿ ಟೀಚರ್. ಪಿಎಫ್ ಇಲ್ಲ. ನಾನೇನು ಮಾಡಲಿ?

ಲೆಕ್ಕದ_ಮೇಷ್ಟ್ರು

ಅಮ್ಮಾ, ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆ ತೆರೆಯಿರಿ. ವರ್ಷಕ್ಕೆ 500ರಿಂದ 1.5 ಲಕ್ಷದವರೆಗೆ, 15 ವರ್ಷ, ಈಗ 7.1 ಬಡ್ಡಿ, ತೆರಿಗೆ ಇಲ್ಲ. ತಿಂಗಳ 5ನೇ ತಾರೀಕಿನ ಒಳಗೆ ಕಟ್ಟಿ, ಇಲ್ಲದಿದ್ದರೆ ಆ ತಿಂಗಳ ಬಡ್ಡಿ ಹೋಯಿತು. ಆದಾಯ ತೆರಿಗೆ ಕಟ್ಟುವವರಲ್ಲ ಅಂದರೆ ಅಟಲ್ ಪಿಂಚಣಿಯೂ ಸಿಗುತ್ತದೆ, 40ರ ಒಳಗೆ ಸೇರಬೇಕು, 60ರ ಮೇಲೆ ತಿಂಗಳಿಗೆ ಗರಿಷ್ಠ 5,000. ಅದೊಂದನ್ನೇ ನಂಬಿಕೊಂಡರೆ ಸಾಲದು. ನಿಮ್ಮ ಹತ್ತಿರ ಇರುವ ದೊಡ್ಡ ಆಸ್ತಿ 30 ವರ್ಷದ ಕಾಲ. ತಿಂಗಳು ತಿಂಗಳು ಮ್ಯೂಚುವಲ್ ಫಂಡ್‌ಗೆ ಹಾಕುವ ಸಣ್ಣ ಎಸ್‌ಐಪಿ ಈಗಲೇ ಶುರು ಮಾಡಿ.

ಗೃಹಿಣಿ_ಅರಸೀಕೆರೆ

ನಾನು ಗೃಹಲಕ್ಷ್ಮಿ ಎರಡು ಸಾವಿರ ಮುಟ್ಟದೆ ಪೋಸ್ಟ್ ಆಫೀಸ್ ಆರ್‌ಡಿ ಕಟ್ಟುತ್ತಿದ್ದೇನೆ. ನನ್ನ ಹೆಸರಲ್ಲಿ ಒಂದು ಪಾಸ್‌ಬುಕ್ ಅಂತ ಆಗಿದ್ದೇ ಈಗ. ಅಕ್ಕ, ನೀವೂ ನಿಮ್ಮ ಹೆಸರಲ್ಲಿ ಸ್ವಲ್ಪ ಇಟ್ಟುಕೊಳ್ಳಿ. ಹೊಲಿಗೆ ದುಡ್ಡು ಅಂಗಡಿ ಸಾಮಾನಿಗೆ ಹಾಕಬೇಡಿ.

ಟೈಲರಮ್ಮ_ಹಾಸನ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ತಿಂಗಳ ವಿಷಯ ನಮಗೆ ಗೊತ್ತೇ ಇರಲಿಲ್ಲ. ಇವರಿಗೆ ಓದಿ ಹೇಳಿದೆ. ಸೊಸೈಟಿ ಬೇಡ ಅಂತ ಇವರೇ ಭಾವನಿಗೆ ಹೇಳ್ತಾರಂತೆ. ಮಗನ ವಿಷಯ ಹೇಗೆ? ಒಬ್ಬನೇ ಮಗ, ಮನೆಯನ್ನೂ ಈಗಲೇ ಅವನ ಹೆಸರಿಗೆ ದಾನಪತ್ರ ಮಾಡಿಬಿಡೋಣ ಅಂತಾರೆ.

ನೋಂದಣಿ_ಪತ್ರ

ದಾನಪತ್ರ ಬೇಡ ತಾಯಿ. ವಿಲ್ ಬರೆಯಿರಿ. ವಿಲ್ ಆದರೆ ನಿಮ್ಮ ಕಾಲದ ನಂತರ, ಮಧ್ಯದಲ್ಲಿ ಬದಲಾಯಿಸಲೂಬಹುದು. ಬಿಳಿ ಹಾಳೆಯಲ್ಲೂ ಬರೆಯಬಹುದು, ಇಬ್ಬರು ಸಾಕ್ಷಿ ಸಹಿ ಬೇಕು. ನೋಂದಣಿ ಕಡ್ಡಾಯ ಅಲ್ಲ, ಮಾಡಿಸಿದರೆ ಒಳ್ಳೇದು.

ದಾನಪತ್ರ ನೋಂದಣಿ ಆದ ಗಳಿಗೆಯಿಂದ ಮನೆ ಅವನದು. ಮಗ ಒಳ್ಳೆಯವನೇ ಇರಬಹುದು, ನಾನು ಅನುಮಾನ ಪಡುತ್ತಿಲ್ಲ. ನಾಳೆ ಅವನಿಗೆ ಸಾಲ ಆದರೆ ಬ್ಯಾಂಕ್ ಮನೆಗೆ ಬರುತ್ತೆ. ಮಾಡಲೇಬೇಕು ಅಂದರೆ "ಜೀವನಪೂರ್ತಿ ನೋಡಿಕೊಳ್ಳಬೇಕು" ಅನ್ನುವ ಷರತ್ತು ಪತ್ರದಲ್ಲೇ ಬರೆಸಿ. ಅರವತ್ತು ಆದವರು ಮಾಡಿದ ಪತ್ರವಾದರೆ, 2007ರ ಹಿರಿಯ ನಾಗರಿಕರ ಕಾಯ್ದೆ 23ನೇ ಸೆಕ್ಷನ್ ಪ್ರಕಾರ ಷರತ್ತು ಮುರಿದಾಗ ಉಪವಿಭಾಗಾಧಿಕಾರಿ ಮುಂದೆ ಹೋಗಿ ಪತ್ರ ರದ್ದು ಮಾಡಿಸಬಹುದು. ಷರತ್ತು ಬರೆಯದೆ ಬಂದು ಅಳುವವರನ್ನು ನೋಡಿ ನೋಡಿ ಸಾಕಾಗಿದೆ.

ಬೆಂಗಳೂರು_ಮಗ

ಮಗನ ಜಾಗದಲ್ಲಿ ಇರುವವನಾಗಿ ಹೇಳುತ್ತೇನೆ ಅಮ್ಮ. ಫ್ಲ್ಯಾಟ್‌ಗೆ ಬ್ಯಾಂಕ್ ಸಾಲ ಕೊಡುತ್ತೆ. ನಿಮ್ಮ ವೃದ್ಧಾಪ್ಯಕ್ಕೆ ಯಾವ ಬ್ಯಾಂಕೂ ಸಾಲ ಕೊಡಲ್ಲ. ನಮ್ಮಪ್ಪ ದುಡ್ಡು ಕೊಡದೆ ಅವರ ಖರ್ಚು ಅವರೇ ನೋಡಿಕೊಳ್ಳುತ್ತಿರುವುದು ನನಗೆ ದೊಡ್ಡ ಸಹಾಯ.

ಸಾಲಗಾಮೆ_ರಸ್ತೆ

ಇನ್ಶೂರೆನ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಕಂಪನಿಯ ಗುಂಪು ವಿಮೆಯನ್ನು ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಳ್ಳಬಹುದು. ಕೆಲಸದಲ್ಲಿ ಇರುವಾಗಲೇ ಅರ್ಜಿ ಕೊಡಿ, ಇಷ್ಟು ವರ್ಷದ ಕಾಯುವ ಅವಧಿ ಲೆಕ್ಕಕ್ಕೆ ಬರುತ್ತದೆ. ಹೊಸದಾಗಿ ತಗೊಂಡರೆ ಮೊದಲೇ ಇರುವ ಬಿಪಿ, ಶುಗರ್‌ಗೆ ಮೂರು ವರ್ಷದವರೆಗೆ ಕಾಯಿಸಬಹುದು. ಶುಗರ್ ಇರುವುದನ್ನು ಮುಚ್ಚಿಡಬೇಡಿ, ಕ್ಲೈಮ್ ಹೊತ್ತಿಗೆ ಅದೇ ಕುತ್ತಿಗೆಗೆ ಬರುತ್ತೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲ, ಮೊದಲು 18 ಪರ್ಸೆಂಟ್ ಇತ್ತು.

ಅವರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಇತ್ತಾ? ಐದು ವರ್ಷ ಇಎಸ್‌ಐನಲ್ಲಿ ಇದ್ದು ನಿವೃತ್ತಿ ಆದರೆ ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ಮುಂದುವರಿಸಬಹುದು. ಇದನ್ನು ಕೇಳಿಯೇ ಇಲ್ಲದವರು ಬಹಳ ಜನ.

ನರ್ಸ್_ಅಕ್ಕ

ಈಗ ಆರೋಗ್ಯಕ್ಕೆ ಬರೋಣ. ನಾನು ಹೋಬಳಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತೇನೆ. 2025ರ ಜೂನ್, ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿ ಬಂದಾಗ ಜನ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಸಾಲು ನಿಂತರು. ಸರ್ಕಾರದ ಸಮಿತಿ ನೋಡಿ, ಸಾವು ಅಸಹಜವಾಗಿ ಏರಿಲ್ಲ ಅಂದಿತು. ಆದರೆ ಸತ್ತವರಲ್ಲಿ ಶುಗರ್, ಬಿಪಿ, ಸಿಗರೇಟು, ಕುಡಿತ ಇದ್ದವರು ಹಲವರು. ಆ ಭಯ ಒಂದು ತಿಂಗಳು ಇತ್ತು. ಮಾತ್ರೆ ಮತ್ತೆ ತಪ್ಪಿಸೋದು ಶುರುವಾಯಿತು.

ನನ್ನ ಹತ್ತಿರ ಬರುವವರು ಹೇಳೋದು ಒಂದೇ: "ಬಿಪಿ ನಾರ್ಮಲ್ ಬಂತು ಅಂತ ಮಾತ್ರೆ ಬಿಟ್ಟೆ ಸಿಸ್ಟರ್." ಮಾತ್ರೆ ತಗೊಂಡಿದ್ದಕ್ಕೇ ನಾರ್ಮಲ್ ಬಂದಿದ್ದು ಕಣ್ರೀ! ಬಿಡೋದು, ಕಡಿಮೆ ಮಾಡೋದು ಡಾಕ್ಟರ್ ಹೇಳಬೇಕು. ಖರ್ಚು ಅಂದರೆ ಜನೌಷಧಿ ಅಂಗಡಿಯಲ್ಲಿ ಕೇಳಿ, ಬಹಳ ಕಡಿಮೆಗೆ ಸಿಗುತ್ತದೆ. ಮೂರು ತಿಂಗಳ ಸರಾಸರಿ ಶುಗರ್ ಟೆಸ್ಟ್, ವರ್ಷಕ್ಕೊಮ್ಮೆ ಕಣ್ಣು, ಕಿಡ್ನಿ, ಪಾದ ತೋರಿಸಬೇಕು.

ಎದೆ ಹಿಡಿದುಕೊಂಡರೆ, ಎಡಗೈ ಅಥವಾ ದವಡೆಗೆ ನೋವು ಇಳಿದರೆ, ಬೆವರು ಬಂದರೆ ಗ್ಯಾಸ್ ಅಂತ ಜೀರಿಗೆ ಕಷಾಯ ಕುಡಿದು ಮಲಗಬೇಡಿ. ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಉಚಿತ, ಹೊರಗೆ ಸಾವಿರಾರು ರೂಪಾಯಿ. ನೇರ ಮೈಸೂರಿಗೆ ಓಡುವ ಎರಡು ಮೂರು ಗಂಟೆಯಲ್ಲಿ ಹೃದಯ ಹಾಳಾಗಿರುತ್ತದೆ.

ರಾಗಿ_ಕಣಜ

ಮೂರು ಹೊತ್ತು ಮುದ್ದೆ ತಿನ್ನಿ, ಶುಗರ್ ಹತ್ತಿರ ಬರಲ್ಲ. ನಮ್ಮ ತಾತ ತೊಂಬತ್ತು ದಾಟಿದ್ದರು.

ನರ್ಸ್_ಅಕ್ಕ

ಅಣ್ಣ, ತಾತ ಮುದ್ದೆ ತಿಂದು ನೇಗಿಲು ಹಿಡಿದರು. ನಾವು ಮುದ್ದೆ ತಿಂದು ಸೋಫಾ ಹಿಡಿತೀವಿ. 100 ಗ್ರಾಂ ರಾಗಿಯಲ್ಲಿ ಸುಮಾರು 70 ಗ್ರಾಂ ಪಿಷ್ಟವೇ, ಅಕ್ಕಿಗಿಂತ ಸ್ವಲ್ಪ ಕಡಿಮೆ ಅಷ್ಟೇ. ರಾಗಿಯ ಲಾಭ ನಾರು ಮತ್ತು ಕ್ಯಾಲ್ಸಿಯಂ. ಹಾಗಾಗಿ ಚಿಕ್ಕ ಮುದ್ದೆ ಒಂದು, ಅದರ ಜೊತೆ ಕಾಳು, ಸೊಪ್ಪು ತಟ್ಟೆ ತುಂಬಾ. ಬಸ್ಸಾರು ಮಾಡಿದರೆ ಬಸಿದ ಪಲ್ಯವನ್ನು ಬದಿಗೆ ಬಡಿಸಬೇಡಿ, ಅದೇ ಊಟ ಆಗಲಿ, ಮುದ್ದೆ ಪಕ್ಕದಲ್ಲಿರಲಿ.

ರಾಗಿ_ಕಣಜ

ಪಿಷ್ಟದ ವಿಷಯ ಇವತ್ತು ತಿಳೀತು. ಆದರೆ ಅವರೆಕಾಳು ಸೀಸನ್‌ನಲ್ಲಿ ಒಂದು ಚಿಕ್ಕ ಮುದ್ದೆಗೆ ನಿಲ್ಲೋದು ಕಷ್ಟ ಸಿಸ್ಟರ್.

ಮಲೆನಾಡು_ಮನೆ

ನಮ್ಮ ಕಡೆ ಕಡುಬು, ಅಕ್ಕಿ ರೊಟ್ಟಿ ಬಿಟ್ಟು ಬದುಕೋದು ಹೇಗೆ? ಮಳೆಗಾಲದಲ್ಲಿ ಅದಿಲ್ಲದೆ ಬೆಳಗ್ಗೆ ಆಗೋದೇ ಇಲ್ಲ.

ನರ್ಸ್_ಅಕ್ಕ

ಬಿಡೋದು ಬೇಡ. ಎರಡು ಕಡುಬಿಗೆ ನಿಲ್ಲಿಸಿ, ಜೊತೆಗೆ ಕಾಯಿ ಚಟ್ನಿ ಬದಲು ಹುರುಳಿ ಸಾರು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಮೂರೂ ಒಂದೇ ಊಟಕ್ಕೆ ಬೇಡ. ದಿನಕ್ಕೆ ಉಪ್ಪು 5 ಗ್ರಾಂ ಒಳಗೆ ಅಂತಾರೆ, ಒಂದು ಟೀ ಚಮಚ, ಅಡುಗೆ ಎಲ್ಲ ಸೇರಿ.

ಬೆಳಗಿನ_ನಡಿಗೆ

ಮಹಾರಾಜ ಪಾರ್ಕಿಗೆ ಬನ್ನಿ ಸಾರ್‌ನ ಕರೆದುಕೊಂಡು. ವಾರಕ್ಕೆ 150 ನಿಮಿಷ ಚುರುಕು ನಡಿಗೆ ಸಾಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಬೆಂಚಿನ ಮೇಲೆ ಕೂತು ರಾಜಕೀಯ ಮಾತಾಡೋದು ಲೆಕ್ಕಕ್ಕಿಲ್ಲ.

ನಡಿಗೆ ಒಂದೇ ಸಾಲದು ಅಂತ ಫಿಸಿಯೋ ಹೇಳಿದರು. ವಯಸ್ಸಾದಂತೆ ತೊಡೆಯ ಸ್ನಾಯು ಕರಗುತ್ತದೆ, ಬಚ್ಚಲಲ್ಲಿ ಜಾರಿ ಬೀಳೋದು ಅದಕ್ಕೇ. ಮೇಡಂ ಮಂಡಿ ನೋವಿಗೂ ಇದು ಒಳ್ಳೇದು: ಗಟ್ಟಿ ಕುರ್ಚಿ ಗೋಡೆಗೆ ಒತ್ತಿ ಇಡಿ. ಕೈ ಊರದೆ ನಿಧಾನ ಏಳಿ, ನಿಧಾನ ಕೂರಿ. ಹತ್ತು ಸಲ. ಮೊದಲು ಆಗದಿದ್ದರೆ ಕುರ್ಚಿ ಮೇಲೆ ದಿಂಬು ಇಟ್ಟು ಎತ್ತರ ಮಾಡಿಕೊಳ್ಳಿ. ನೋವು ಜಾಸ್ತಿ ಆದರೆ ನಿಲ್ಲಿಸಿ ತೋರಿಸಿ. ಹೊಲಿಗೆ ಮೆಷಿನ್‌ನಿಂದ ಅರ್ಧ ಗಂಟೆಗೊಮ್ಮೆ ಏಳಿ.

ಕೋಟೆ_ಬೀದಿ

ಪಾರ್ಕಿನಲ್ಲಿ ನಾಯಿ ಕಾಟ ಯಾರಾದರೂ ಹೇಳ್ರಪ್ಪ.

ಬೆಳಗಿನ_ನಡಿಗೆ

ಆರೂವರೆ ಮೇಲೆ ಜನ ಇರ್ತಾರೆ, ತೊಂದರೆ ಇಲ್ಲ. ಚಳಿಗಾಲದಲ್ಲಿ ಬಿಪಿ ಇರುವವರು ಮಂಜಿನಲ್ಲಿ ಐದಕ್ಕೇ ಬರೋದು ಬೇಡ.

ಸಾಲಗಾಮೆ_ರಸ್ತೆ

ಒಂದು ಎಚ್ಚರಿಕೆ. ದೊಡ್ಡ ಮೊತ್ತ ಖಾತೆಗೆ ಬಂದ ಮೇಲೆ ಫೋನ್ ಬರುತ್ತೆ. ಪಿಎಫ್ ಆಫೀಸ್, ಕೆವೈಸಿ, ಪೊಲೀಸ್, ಏನೇನೋ. ವಿಡಿಯೋ ಕಾಲ್‌ನಲ್ಲಿ ಸಮವಸ್ತ್ರ ಹಾಕಿಕೊಂಡು "ಡಿಜಿಟಲ್ ಅರೆಸ್ಟ್" ಅಂತಾರೆ. ಕಾನೂನಿನಲ್ಲಿ ಹಾಗೊಂದು ಅರೆಸ್ಟ್ ಇಲ್ಲವೇ ಇಲ್ಲ. ಒಟಿಪಿ ಯಾರಿಗೂ ಹೇಳಬೇಡಿ. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಟೈಲರಮ್ಮ_ಹಾಸನ

ಇಎಸ್‌ಐ ಹಳೇ ನಂಬರ್ ಹುಡುಕುತ್ತಿದ್ದೇವೆ. ಕಂಪನಿಗೆ ಪತ್ರಕ್ಕೆ ಅರ್ಜಿ ಕೊಟ್ಟಾಯಿತು. ಮ್ಯೂಚುವಲ್ ಫಂಡ್ ಸದ್ಯಕ್ಕೆ ಬೇಡ ಅಂತ ಇಬ್ಬರೂ ಅಂದುಕೊಂಡಿದ್ದೇವೆ. ಮೇಷ್ಟ್ರು ಬೇಜಾರು ಮಾಡಿಕೊಳ್ಳಬೇಡಿ. ಆ ಹಣದಲ್ಲಿ ನನ್ನ ಹೆಸರಿಗೆ ಅಂಚೆ ಮಾಸಿಕ ಆದಾಯ ಯೋಜನೆ ಆಗುತ್ತದಾ?

ಅಂಚೆ_ಕೌಂಟರ್

ಆಗುತ್ತದೆ, ಅದಕ್ಕೆ ವಯಸ್ಸಿನ ಮಿತಿ ಇಲ್ಲ. ಒಬ್ಬರ ಹೆಸರಿನಲ್ಲಿ 9 ಲಕ್ಷದವರೆಗೆ, ಈಗ 7.4. ಐದು ಲಕ್ಷಕ್ಕೆ ತಿಂಗಳಿಗೆ 3,083 ರೂಪಾಯಿ. ಎಲ್ಲ ಖಾತೆಗೂ ನಾಮಿನಿ ಬರೆಸಿ, ರಸೀದಿ ನೋಡಿ ಹೆಸರು ಸರಿ ಇದೆಯಾ ಅಂತ ಅಲ್ಲೇ ಓದಿ.

ಲೆಕ್ಕದ_ಮೇಷ್ಟ್ರು

ಬೇಜಾರೇನೂ ಇಲ್ಲ ಮೇಡಂ, ಇಬ್ಬರೂ ಕೂತು ತೀರ್ಮಾನ ಮಾಡಿದ್ದೇ ಒಳ್ಳೇದು. ಮೂರು ನಾಲ್ಕು ವರ್ಷ ಆದ ಮೇಲೆ ಖರ್ಚು ಎಷ್ಟು ಏರಿದೆ ಅಂತ ಒಮ್ಮೆ ನೋಡಿ, ಆಗ ಮತ್ತೆ ಮಾತಾಡೋಣ.

ಗೃಹಿಣಿ_ಅರಸೀಕೆರೆ

ಬಡ್ಡಿಯಲ್ಲಿ ಮೊದಲೇ ತೆರಿಗೆ (ಟಿಡಿಎಸ್) ಹಿಡಿಯದ ಹಾಗೆ 15ಎಚ್ ಫಾರಂ ಕೊಡಬೇಕು ಅಲ್ವಾ?

ಅಂಚೆ_ಕೌಂಟರ್

15ಎಚ್ ಅರವತ್ತು ಆದವರಿಗೆ ಅಂತ 2026ರ ಮಾರ್ಚ್‌ವರೆಗೆ ಇದ್ದ ಫಾರಂ. ಅವರಿಗೆ 58, ಹಿರಿಯ ನಾಗರಿಕರ ಯೋಜನೆ ಸಿಕ್ಕರೂ ತೆರಿಗೆ ಲೆಕ್ಕದಲ್ಲಿ ಇನ್ನೂ ಹಿರಿಯ ನಾಗರಿಕರಲ್ಲ. ಆದಾಯ ತೆರಿಗೆ ಮಿತಿಯ ಒಳಗಿದ್ದರೆ ಟಿಡಿಎಸ್ ಹಿಡಿಯಬೇಡಿ ಅನ್ನುವ ಘೋಷಣೆ ಕೊಡಬೇಕು, ಅದೂ ಪ್ರತಿ ವರ್ಷ ಏಪ್ರಿಲ್‌ನಲ್ಲೇ. ಜೂನ್‌ವರೆಗೆ ಕಾದರೆ ಮೊದಲ ಬಡ್ಡಿಯಲ್ಲೇ ಹಿಡಿದಿರುತ್ತಾರೆ, ಆಮೇಲೆ ವಾಪಸ್ ಪಡೆಯಲು ರಿಟರ್ನ್ ಸಲ್ಲಿಸಬೇಕು.